ಸದ್ದು ಜಾಸ್ತಿ, ಪಿಕಪ್ ಕಮ್ಮಿ

ನನ್ನ ಗಾಡಿ 2002ರ ಹಾರ್ಲೆ ಡೇವಿಡ್‌ಸನ್ ಬೈಕ್, ಸ್ಪೋರ್ಟ್‌ಸ್ಟರ್ 883. ಏರ್‌ ಕೂಲ್ಡ್, ಕಾರ್ಬುರೇಟರ್ ಇಂಜಿನ್. ನಾನು ಅದಕ್ಕೆ ಮಾಡಿದ ಮೊದಲ ಅಪ್‌ಗ್ರೇಡ್ ಏನು ಗೊತ್ತಾ? ಒಳಗೆ ಏನೂ ಇಲ್ಲದ ಎರಡು ನೇರ ಪೈಪು. ಸ್ಟಾರ್ಟ್ ಮಾಡಿದ ಕೂಡಲೇ ಎದೆ ಉಬ್ಬಿತು. ಹತ್ತು ನಿಮಿಷ ಓಡಿಸಿದ ಮೇಲೆ ಇಳಿಯಿತು. 2,500ರಿಂದ 3,500 ಆರ್‌ಪಿಎಂ ನಡುವೆ, ಅಂದರೆ ಕ್ರೂಸರ್ ಗಾಡಿ ದಿನವಿಡೀ ಓಡುವ ಜಾಗದಲ್ಲೇ, ಎಳೆತ ಮಾಯ. ಆಕ್ಸಿಲರೇಟರ್ ಬಿಟ್ಟರೆ ಪೈಪಿನಲ್ಲಿ ಪಟಪಟ ಪಟಾಕಿ ಬೇರೆ.

ಕಾರಣ ಆಮೇಲೆ ತಿಳಿಯಿತು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಒಂದು ಕ್ಷಣ ಒಟ್ಟಿಗೇ ತೆರೆದಿರುತ್ತವೆ. ಪೈಪಿನ ತುದಿಯಿಂದ ವಾಪಸ್ ಬರುವ ಒತ್ತಡದ ಅಲೆ ಆ ಹೊತ್ತಿಗೆ ಸರಿಯಾಗಿ ಬಂದು ತಟ್ಟಿದರೆ, ಸುಟ್ಟ ಗಾಳಿ ಮತ್ತೆ ಸಿಲಿಂಡರ್ ಒಳಗೇ ನುಗ್ಗುತ್ತದೆ. ನೇರ ಪೈಪಿನಲ್ಲಿ ಈ ಕಾಟ ನಡುವಿನ ಆರ್‌ಪಿಎಂನಲ್ಲೇ ಜಾಸ್ತಿ. ಪೈಪು ಬಿಚ್ಚಿ ಮೂಲೆಗೆ ಒರಗಿಸಿದೆ. ಇನ್ನೂ ಅಲ್ಲೇ ಇವೆ. ಅದರ ಬದಲು ಒಳಗೆ ಬ್ಯಾಫಲ್ (ಹೊಗೆಯ ದಾರಿಗೆ ಅಡ್ಡ ತಟ್ಟೆ) ಇರುವ ಮಫ್ಲರ್, ಸ್ವಲ್ಪ ದೊಡ್ಡ ಏರ್ ಫಿಲ್ಟರ್ ಹಾಕಿದೆ.

ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಜಾಸ್ತಿ ಬೇಕಲ್ವಾ? ಪೂರ್ತಿ ಉರಿಯಲು ಲೆಕ್ಕದ ಪ್ರಕಾರ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ಅದೂ ತೂಕದಲ್ಲಿ. ಆದರೆ ಫುಲ್ ಥ್ರಾಟಲ್‌ನಲ್ಲಿ ಒಳ್ಳೆ ಪವರ್ ಸಿಗುವುದು 12.5ರಿಂದ 13ರ ಆಸುಪಾಸಿನಲ್ಲಿ. ಹೊಗೆಯ ನಿಯಮಕ್ಕಾಗಿ ಕಂಪನಿಯಿಂದ ಬರುವಾಗಲೇ ಮಿಕ್ಸ್ಚರ್ ತೆಳು, ಅಂದರೆ ಪೆಟ್ರೋಲ್ ಕಮ್ಮಿ. ನಾನು ಅದನ್ನು ಇನ್ನೂ ತೆಳು ಮಾಡಿ ಕೂತಿದ್ದೆ.

ಪೆಟ್ರೋಲ್ ಹೆಚ್ಚಿಸಲು ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಪುಟ್ಟ ತೂತಿನ ತುಂಡು, ಬದಲಿಸಬೇಕು. ಅದು ಅರ್ಧ ಗಂಟೆಯ ಕೆಲಸ. ಯಾವ ಜೆಟ್ ಅಂತ ಗೊತ್ತು ಮಾಡಿಕೊಳ್ಳುವುದೇ ತಿಂಗಳ ಕೆಲಸ. ನನಗೆ ಕೈ ಹಿಡಿದಿದ್ದು ಒಂದು ತುಂಡು ಪೇಪರ್ ಟೇಪ್. ಅದನ್ನು ಥ್ರಾಟಲ್ ಗ್ರಿಪ್‌ಗೆ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಿನಲ್ಲಿ ಗೆರೆ ಎಳೆದೆ. ಕಾಲು ಗೆರೆಯ ಒಳಗೆ ತೊಂದರೆ ಇದ್ದರೆ ಸ್ಲೋ ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂ. ನಡುವೆ ಇದ್ದರೆ ನೀಡಲ್, ಅಂದರೆ ಪೆಟ್ರೋಲ್ ದಾರಿಯಲ್ಲಿ ಏರಿಳಿಯುವ ಸೂಜಿ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗೆರೆ ನೋಡಿ ಓಡಿಸಿದ ಮೇಲೆ ಊಹೆ ಮಾಡುವ ಕೆಲಸ ಕಮ್ಮಿಯಾಯಿತು. ಸ್ಲೋ ಜೆಟ್ 42 ಇತ್ತು, 45 ಹಾಕಿದೆ (ನಂಬರ್ ಹೆಚ್ಚಾದರೆ ತೂತು ದೊಡ್ಡದು). ಕೆಮ್ಮುವುದು ನಿಂತಿತು. ಪಟಾಕಿ ಮಾತ್ರ ನಿಲ್ಲಲಿಲ್ಲ. 48 ಹಾಕಿ ನೋಡಿದೆ, ಪ್ಲಗ್ ಮಸಿಯಾಯಿತು, ಪಟಾಕಿ ಹಾಗೇ ಇತ್ತು.

ಇಲ್ಲಿ ನಾನು ಎರಡು ವಾರ ಸುಮ್ನೆ ಹಾಳು ಮಾಡಿದೆ. ತಪ್ಪು ಜೆಟ್‌ನಲ್ಲಿ ಇರಲೇ ಇಲ್ಲ. ಕಾರ್ಬುರೇಟರ್‌ ಮತ್ತು ಎರಡು ಹೆಡ್‌ ನಡುವಿನ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಸಾಗುವ ಕೊಳವೆ) ಸೀಲ್ ವಯಸ್ಸಾಗಿ ಕಲ್ಲಿನಂತಾಗಿತ್ತು. ಅಲ್ಲಿಂದ ಕಳ್ಳಗಾಳಿ. ಐಡಲ್‌ನಲ್ಲಿ ಓಡುವಾಗ ಆ ಜಾಗಕ್ಕೆ ಕಾರ್ಬ್ ಕ್ಲೀನರ್ ಒಂಚೂರು ಹೊಡೆದೆ, ಇಂಜಿನ್ ಸದ್ದು ತಕ್ಷಣ ಬದಲಾಯಿತು. (ಹಾಗೆ ಮಾಡುವವರು ಇಂಜಿನ್ ತಣ್ಣಗಿರುವಾಗಲೇ ಮಾಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಡಬ್ಬಿ ಇರಲಿ.) ಎರಡು ಪುಟ್ಟ ಸೀಲ್ ಬದಲಿಸಿದೆ, ಮತ್ತೆ 45ಕ್ಕೆ ಬಂದೆ. ಗಾಡಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಎಳೆಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ 883 ಇಂಜಿನ್‌ನಲ್ಲಿ ಒಂದು ಆಸೆ ಹುಟ್ಟಿಸುವ ವಿಷಯವಿದೆ. ಅದರ ಅಣ್ಣ 1200ಕ್ಕೂ ಇದಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಒಂದೇ, 96.8 ಮಿಲಿಮೀಟರ್. ಬೋರ್ (ಸಿಲಿಂಡರಿನ ಒಳ ಅಗಲ) ಮಾತ್ರ ಬೇರೆ: ಇದಕ್ಕೆ 76.2, ಅದಕ್ಕೆ 88.9. ಕ್ರ್ಯಾಂಕ್ ಮುಟ್ಟದೆ, ಇದ್ದ ಸಿಲಿಂಡರನ್ನೇ ದೊಡ್ಡದು ಮಾಡಿ 1200 ಮಾಡಬಹುದು. ಸಿಲಿಂಡರಿನ ಒಳಗೋಡೆ, ಅಂದರೆ ಲೈನರ್, ಅಷ್ಟು ದಪ್ಪ ಇದೆ.

ಇಲ್ಲೂ ಒಂದು ಗುಂಡಿ ಇದೆ. 883ರಲ್ಲಿ ಒಂದು ಸಿಲಿಂಡರಿಗೆ 441 ಸಿಸಿ, ಕಂಪ್ರೆಷನ್ ಸುಮಾರು 9 (ಒಳಗಿನ ಜಾಗ ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ). ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 55 ಸಿಸಿ. ಅದೇ ಜಾಗಕ್ಕೆ 601 ಸಿಸಿ ತುಂಬಿ ಒತ್ತಿದರೆ, ಕಾಗದದ ಮೇಲೆ ಕಂಪ್ರೆಷನ್ 12ರ ಹತ್ತಿರ ಹೋಗುತ್ತದೆ. ಏರ್ ಕೂಲ್ಡ್ ಇಂಜಿನ್ ಅದನ್ನು ತಡೆಯುವುದಿಲ್ಲ, ನಾಕಿಂಗ್ (ಮಿಶ್ರಣ ತಾನಾಗೇ ಸಿಡಿದು ಬಡಿಯುವುದು) ಶುರು. ಅದಕ್ಕೇ ತಲೆ ಬಟ್ಟಲಿನಂತೆ ತಗ್ಗಿರುವ ಪಿಸ್ಟನ್ ತರಿಸಿದೆ. ಅದರಿಂದ ಕಂಪ್ರೆಷನ್ 10ರ ಆಸುಪಾಸಿಗೆ ಬಂತು. ಹೆಡ್ 883ರದ್ದೇ ಇರಲಿ ಅಂತ ಬಿಟ್ಟೆ. ವಾಲ್ವ್ ಚಿಕ್ಕದು, ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ, ನಿಜ. ನಾನೇನು ರೇಸಿಗೆ ಹೋಗುತ್ತೇನಾ? ನನಗೆ ಬೇಕಿದ್ದದ್ದು ಕೆಳಗಿನ ಟಾರ್ಕ್.

ಬೋರಿಂಗ್ ಮಾಡುವ ಹಿರಿಯರ ಹತ್ತಿರ ಸಿಲಿಂಡರ್ ಮಾತ್ರ ತೆಗೆದುಕೊಂಡು ಹೋಗಿದ್ದೆ.

"ಪಿಸ್ಟನ್ ಎಲ್ಲಪ್ಪಾ?"

"ಬರ್ತಾ ಇದೆ ಅಣ್ಣ. 88.9 ಹೊಡೆದುಬಿಡಿ."

"ಪಿಸ್ಟನ್ ಅಳೀದೆ ನಾನು ಬೋರ್ ಹೊಡೆಯಲ್ಲ. ತಗೊಂಡ್ಹೋಗು."

ವಾಪಸ್ ತಂದೆ. ಪಿಸ್ಟನ್ ಬಂದ ಮೇಲೆ ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಅಂತ ಮಾರ್ಕರಿನಲ್ಲಿ ಬರೆದುಕೊಟ್ಟರು. ಅವರು ಹೇಳಿದ್ದೇ ಸರಿ.

ಜೋಡಿಸುವಾಗ ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಟಣ್ ಅಂತ ಹಾರಿತು. ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿದ್ದೆ, ಬಚಾವ್. ಅದು ಗೋಡೆ ಪಕ್ಕ ಸಿಕ್ಕಿತು. ಒಮ್ಮೆ ಹಾರಿದ್ದನ್ನು ಮತ್ತೆ ಹಾಕದೆ ಹೊಸದು ಹಾಕಿದೆ. ಹೆಡ್ ಬೋಲ್ಟಿಗೆ ಎಣ್ಣೆ ಸವರಿ, ಹಂತ ಹಂತವಾಗಿ ಬಿಗಿದು, ಕೊನೆಗೆ 90 ಡಿಗ್ರಿ ತಿರುವು. ರಾಕರ್ ಬಾಕ್ಸ್ ಬಿಗಿದ ಮೇಲೆ ಪುಶ್‌ರಾಡ್ (ವಾಲ್ವ್ ತೆರೆಸುವ ಉದ್ದ ಕಡ್ಡಿ) ಬೆರಳಿನಲ್ಲಿ ತಿರುಗುವವರೆಗೂ ಕಾದೆ. ಅದರ ಬುಡದಲ್ಲಿರುವ ಹೈಡ್ರಾಲಿಕ್ ಲಿಫ್ಟರ್‌ನಿಂದ ಎಣ್ಣೆ ಇಳಿಯಬೇಕು. ಅವಸರದಲ್ಲಿ ಇಂಜಿನ್ ತಿರುಗಿಸಿದರೆ ಪುಶ್‌ರಾಡ್ ಬಾಗುತ್ತದೆ.

ಮೊದಲ 800 ಕಿಲೋಮೀಟರ್ ಮೆತ್ತಗೆ ಓಡಿಸಿ, ಆಯಿಲ್ ಬದಲಿಸಿದೆ. ಆಮೇಲೆ ಕಂಪ್ರೆಷನ್ ನೋಡಿದೆ, ಇಂಜಿನ್ ಬಿಸಿ, ಎರಡೂ ಕಡೆ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು. ಮುಂದಿನ, ಹಿಂದಿನ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ. ಒಂದು ಏರಿನಲ್ಲಿ, ಟಾಪ್ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದಂಥ ಸದ್ದು ಕೇಳಿಸಿತು, ಅದೇ ನಾಕಿಂಗ್. ಪ್ಲಗ್ ಕಿಡಿ ಹೊಡೆಯುವ ಟೈಮಿಂಗ್ ಸ್ವಲ್ಪ ಹಿಂದೆ ಸರಿಸಿದೆ, ಹೋಯಿತು. ಈಗ ಆ ಏರಿನಲ್ಲಿ ಗೇರ್ ಇಳಿಸುವುದೇ ಇಲ್ಲ. ಪಕ್ಕದಲ್ಲಿ ಬರುವವರಿಗೆ ಏನೂ ಗೊತ್ತಾಗುವುದಿಲ್ಲ, ಸದ್ದು ಮೊದಲಿನಷ್ಟೇ.

ಹಿಂದಿನ ಸಿಲಿಂಡರಿನ ಪ್ಲಗ್ ಮಾತ್ರ ಮುಂದಿನದಕ್ಕಿಂತ ಒಂದು ಛಾಯೆ ಬೆಳ್ಳಗಿದೆ, ಅಂದರೆ ಅಲ್ಲಿ ಮಿಕ್ಸ್ಚರ್ ಸ್ವಲ್ಪ ತೆಳು. ನೀಡಲ್ ಕೆಳಗೆ ಒಂದು ತೆಳು ವಾಷರ್ ಹಾಕಿ ನೋಡಬೇಕು. ಗ್ರಿಪ್ ಮೇಲಿನ ಟೇಪ್ ಇನ್ನೂ ಕಿತ್ತಿಲ್ಲ.