ಪ್ಲಸ್ 28ರ ವರ್ಷ

ಲೆಕ್ಕಪರಿಶೋಧನೆ ನನ್ನ ಕಸುಬು. ಊರು ತಿಪಟೂರು, ಸಂಸಾರ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಇಲ್ಲಿಯ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್, ನೋಡುವಾಗ ಯಾರು ಎಷ್ಟು ಗಜ ಓಡಿದರು ಎಂಬುದು ನನ್ನ ತಲೆಯಲ್ಲಿ ನಿಲ್ಲುವುದೇ ಇಲ್ಲ. ಟರ್ನೋವರ್ ವ್ಯತ್ಯಾಸ ಮಾತ್ರ ಮೊದಲ ದಿನವೇ ಹಿಡಿಸಿತು, ಏಕೆಂದರೆ ಅದು ಶುದ್ಧ ಜಮಾ-ಖರ್ಚು. ಎದುರಾಳಿಯಿಂದ ಎಷ್ಟು ಬಾರಿ ಚೆಂಡು ಕಿತ್ತುಕೊಂಡೆವು ಎಂಬುದರಿಂದ ನಾವೇ ಎಷ್ಟು ಬಾರಿ ಕಳೆದುಕೊಂಡೆವು ಎಂಬುದನ್ನು ಕಳೆದರೆ ಆಯಿತು. ನಾವು ಎಸೆದ ಚೆಂಡನ್ನು ಅವರು ಹಿಡಿದರೆ ಇಂಟರ್‌ಸೆಪ್ಷನ್. ಕೈಯಿಂದ ಚೆಂಡು ಜಾರಿದರೆ ಫಂಬಲ್; ಅದು ಅವರ ಪಾಲಾದರೆ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ದಾಟಲಾಗದೆ ಚೆಂಡು ಒಪ್ಪಿಸಿದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಆ ನಿಯಮ ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ, ಇರಲಿ.

ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ 2011ರ ಸಾಲನ್ನು ನಾನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಹಿಂದಿನ ವರ್ಷ 16 ಪಂದ್ಯಗಳಲ್ಲಿ ಆರು ಗೆದ್ದು ಹತ್ತು ಸೋತಿದ್ದ ತಂಡ ಅದು. ಜಿಮ್ ಹಾರ್ಬಾ ಹೊಸ ತರಬೇತುದಾರರಾಗಿ ಬಂದರು. ಮಾಲೀಕರು ಮತ್ತು ಆಟಗಾರರ ನಡುವಿನ ಜಗಳದಿಂದ ಆ ಬೇಸಿಗೆಯಲ್ಲಿ ತಂಡಗಳ ಬಾಗಿಲೇ ಮುಚ್ಚಿತ್ತು. ಹೊಸ ತರಬೇತುದಾರರು ತಮ್ಮ ಆಟಗಾರರ ಜೊತೆ ಅಭ್ಯಾಸ ನಡೆಸುವಂತಿರಲಿಲ್ಲ. ಅಂಥ ವರ್ಷದಲ್ಲಿ ಅದೇ ತಂಡ 13 ಗೆದ್ದು ಮೂರು ಮಾತ್ರ ಸೋತಿತು. ಕಿತ್ತುಕೊಂಡದ್ದು 38, ಕಳೆದುಕೊಂಡದ್ದು 10. ವ್ಯತ್ಯಾಸ ಪ್ಲಸ್ 28.

ಒಂದು ಟರ್ನೋವರ್‌ನ ಬೆಲೆ ಸುಮಾರು ನಾಲ್ಕು ಅಂಕ ಎಂದು ಈ ಆಟದ ಅಂಕಿಅಂಶ ತಜ್ಞರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ನಮಗೆ ದಕ್ಕಬಹುದಾಗಿದ್ದ ಅಂಕ ಹೋಗುತ್ತದೆ, ಎದುರಾಳಿಗೆ ಒಳ್ಳೆಯ ಜಾಗದಲ್ಲಿ ಚೆಂಡು ಸಿಗುತ್ತದೆ, ಎರಡೂ ಸೇರಿದರೆ ಅಷ್ಟಾಗುತ್ತದೆ. 28ನ್ನು ನಾಲ್ಕರಿಂದ ಗುಣಿಸಿದರೆ 112. ಆ ವರ್ಷ ನೈನರ್ಸ್ ಗಳಿಸಿದ್ದು 380 ಅಂಕ, ಬಿಟ್ಟುಕೊಟ್ಟದ್ದು 229, ಲಾಭ 151. ಅಂದರೆ ಲಾಭದ ಮುಕ್ಕಾಲು ಭಾಗಕ್ಕೆ ಈ ಒಂದೇ ಖಾತೆ ಕಾರಣ. ಯಾವುದಾದರೂ ಕಂಪನಿಯ ಪುಸ್ತಕದಲ್ಲಿ ಹೀಗೆ ಕಂಡಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ: ಇದು ಮುಂದಿನ ವರ್ಷವೂ ಬರುವ ಆದಾಯವೇ, ಒಂದು ಸಲಕ್ಕೆ ಬಂದದ್ದೇ?

ನನ್ನ ಮಟ್ಟಿಗೆ ಉತ್ತರ ಎರಡು ಕಾಲಮುಗಳಲ್ಲಿ ಬೇರೆ ಬೇರೆ. ಕಳೆದುಕೊಳ್ಳದಿರುವುದು ಬಹುಪಾಲು ಸ್ವಭಾವ. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಅಲೆಕ್ಸ್ ಸ್ಮಿತ್‌ರನ್ನೇ ನೋಡಿ. 2005ರಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ದೇಶಕ್ಕೇ ಮೊದಲನೆಯವರಾಗಿ ಆಯ್ಕೆಯಾಗಿ ಬಂದು, ಮೊದಲ ವರ್ಷ ಒಂದು ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದು) 11 ಇಂಟರ್‌ಸೆಪ್ಷನ್ ಕೊಟ್ಟವರು. ಸ್ವಂತ ಮೈದಾನದಲ್ಲೇ ಜನ ಅವರನ್ನು ಕೂಗಿ ಅವಮಾನಿಸುತ್ತಿದ್ದರು. 2011ರಲ್ಲಿ ಅವರು ಎಸೆದ 445 ಚೆಂಡುಗಳಲ್ಲಿ ಎದುರಾಳಿಗಳ ಕೈಸೇರಿದ್ದು ಐದು ಮಾತ್ರ. ದಾರಿ ಕಾಣದಿದ್ದರೆ ಮೈದಾನದ ಪಕ್ಕದ ಗೆರೆಯಾಚೆ ಎಸೆದುಬಿಡುತ್ತಿದ್ದರು; ಟಚ್‌ಡೌನ್ ಆಗದಿದ್ದರೆ ಡೇವಿಡ್ ಏಕರ್ಸ್ ಬಂದು ಮೂರು ಅಂಕದ ಫೀಲ್ಡ್ ಗೋಲ್ ಒದೆಯುತ್ತಿದ್ದರು. ಆ ವರ್ಷ ಏಕರ್ಸ್ ಒದ್ದದ್ದು 44, ಅದು ದಾಖಲೆ. ಕಣ್ಣಿಗೆ ಹಬ್ಬವೇನೂ ಅಲ್ಲದ ಆಟ. ಎದುರುಮನೆಯ ಅಜ್ಜ ನೈನರ್ಸ್‌ನ ಆಗಿನ ಕ್ಯಾಂಡಲ್‌ಸ್ಟಿಕ್ ಮೈದಾನದಲ್ಲಿ ಹಳೆಯ ಕ್ವಾರ್ಟರ್‌ಬ್ಯಾಕ್ ದಿಗ್ಗಜ ಜೋ ಮೊಂಟಾನಾರ ಆಟ ನೋಡಿದವರು. ಈ ಆಟ ನೋಡುತ್ತಾ ಆಕಳಿಸುತ್ತಿದ್ದರು. ನನಗೆ ಮಾತ್ರ ಸ್ಮಿತ್ ಚೆಂಡನ್ನು ಹೊರಗೆಸೆದಾಗಲೆಲ್ಲ ಚಪ್ಪಾಳೆ ತಟ್ಟಬೇಕೆನಿಸುತ್ತಿತ್ತು.

ಕಿತ್ತುಕೊಳ್ಳುವುದರ ಕಥೆ ಬೇರೆ. ಅದರಲ್ಲಿ ಕಸುವಿಲ್ಲವೆಂದು ನಾನು ಹೇಳುತ್ತಿಲ್ಲ. ಫಿಲಡೆಲ್ಫಿಯಾದಲ್ಲಿ 23-3ರಿಂದ ಹಿಂದಿದ್ದ ಪಂದ್ಯವನ್ನು 24-23ಕ್ಕೆ ತಿರುಗಿಸಿದ ಮೇಲೂ ಗೆಲುವು ಕೈಜಾರುವಂತಿದ್ದಾಗ, ಜಸ್ಟಿನ್ ಸ್ಮಿತ್ ಎಂಬ ಭಾರೀ ದೇಹದ ಆಟಗಾರ ಹಿಂದಿನಿಂದ ಓಡಿಬಂದು ಜೆರೆಮಿ ಮ್ಯಾಕ್ಲಿನ್ ಕೈಯ ಚೆಂಡನ್ನು ಕುಟ್ಟಿ ಬೀಳಿಸಿದರು. ಅದು ಅದೃಷ್ಟವಲ್ಲ. ಆದರೆ ಬಿದ್ದ ಚೆಂಡು ಯಾರ ಕಡೆ ಹೋಗುತ್ತದೆ ಎಂಬುದನ್ನು ಯಾವ ತರಬೇತುದಾರರೂ ಕಲಿಸಲಾರರು. ಸುಲಿಯದ ತೆಂಗಿನಕಾಯಿಯನ್ನು ಇಳಿಜಾರಿಗೆ ಎಸೆದು ನೋಡಿದವರಿಗೆ ಗೊತ್ತು, ಅದು ಯಾವ ಪಕ್ಕ ತಾಗಿತು ಎಂಬುದರ ಮೇಲೆ ಉರುಳುವ ದಿಕ್ಕು. ಈ ಚೆಂಡೂ ಅಂಥದ್ದೇ ಆಕಾರ.

ಇನ್ನೊಂದು ತೊಡಕೂ ಇದೆ. ಮುಂದಿರುವ ತಂಡ ಅಪಾಯಕ್ಕೆ ಕೈಹಾಕಬೇಕಿಲ್ಲ; ಚೆಂಡು ಅಪ್ಪಿಕೊಂಡು ಓಡುತ್ತದೆ, ಗಡಿಯಾರವನ್ನೂ ಓಡಿಸುತ್ತದೆ. ಹಿಂದಿರುವ ತಂಡ ಹತಾಶೆಯಿಂದ ದೂರ ದೂರ ಎಸೆಯುತ್ತದೆ, ಇಂಟರ್‌ಸೆಪ್ಷನ್ ಕೊಡುತ್ತದೆ. ಹಾಗಾಗಿ ವ್ಯತ್ಯಾಸದಿಂದ ಗೆಲುವು ಬಂತೋ ಗೆಲ್ಲುತ್ತಿದ್ದುದರಿಂದ ವ್ಯತ್ಯಾಸ ಬೆಳೆಯಿತೋ ಎಂದು ಪೂರ್ತಿ ಬಿಡಿಸುವುದು ಕಷ್ಟ. ಟಿವಿಯಲ್ಲಿ ಕೂತು ವಿಶ್ಲೇಷಿಸುವವರು ಇದನ್ನು ಹೇಳುವುದೇ ಇಲ್ಲ.

2012ರ ಜನವರಿಯಲ್ಲಿ, ಸೋತವರು ಮನೆಗೆ ಹೋಗುವ ಪ್ಲೇಆಫ್ ಸುತ್ತಿನಲ್ಲಿ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎದುರಿನ ಪಂದ್ಯದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ 462 ಗಜ ಎಸೆದರೂ ಅವರ ತಂಡ ಐದು ಬಾರಿ ಚೆಂಡು ಕಳೆದುಕೊಂಡಿತು, ನೈನರ್ಸ್ 36-32ರಿಂದ ಗೆದ್ದಿತು. ಬರಿಯ ನಾಲ್ಕೇ ಅಂಕದ ಅಂತರ. ಮುಂದಿನ ವಾರ, ಜನವರಿ 22ರಂದು, ಮಳೆಯಲ್ಲಿ ನೆಂದ ಕ್ಯಾಂಡಲ್‌ಸ್ಟಿಕ್‌ಗೆ ನ್ಯೂಯಾರ್ಕ್ ಜೈಂಟ್ಸ್ ಬಂದಿತು. ಎದುರಾಳಿ ಒದ್ದು ಒಪ್ಪಿಸುವ ಚೆಂಡನ್ನು, ಅಂದರೆ ಪಂಟ್ ಅನ್ನು, ಹಿಡಿಯುವ ಟೆಡ್ ಗಿನ್‌ಗೆ ಗಾಯವಾಗಿ ಆ ಕೆಲಸ ಕೈಲ್ ವಿಲಿಯಮ್ಸ್ ಎಂಬ ಹುಡುಗನ ಪಾಲಿಗೆ ಬಂದಿತ್ತು. ನಾಲ್ಕನೆಯ ಭಾಗದಲ್ಲಿ ಪುಟಿಯುತ್ತಿದ್ದ ಚೆಂಡು ಅವನ ಮೊಣಕಾಲಿಗೆ ಸೋಕಿತು. ಸೋಕಿದ ಕ್ಷಣಕ್ಕೆ ಅದು ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಚೆಂಡು. ಜೈಂಟ್ಸ್ ಎತ್ತಿಕೊಂಡಿತು, ಟಚ್‌ಡೌನ್ ಮಾಡಿತು. ಹೆಚ್ಚುವರಿ ಸಮಯದಲ್ಲಿ ಮತ್ತೆ ಅವನ ಕೈಯಿಂದಲೇ ಚೆಂಡು ಜಾರಿತು. ಜೈಂಟ್ಸ್ 20, ನೈನರ್ಸ್ 17.

ಆ ರಾತ್ರಿ ಅಪ್ಪ ಫೋನ್ ಮಾಡಿ, “ಏನಮ್ಮ, ನಿಮ್ಮೋರು ಗೆದ್ದರಾ?” ಎಂದು ಕೇಳಿದರು. ಇಲ್ಲವೆಂದೆ. ಕೊಬ್ಬರಿ ಧಾರಣೆಯ ಕಡೆಗೆ ಮಾತು ಹೊರಳಿತು. ವಿಲಿಯಮ್ಸ್‌ಗೆ ಕೊಲೆ ಬೆದರಿಕೆಗಳು ಬಂದಿದ್ದನ್ನು ಓದಿದಾಗ ಸಿಟ್ಟು ನೆತ್ತಿಗೇರಿತು. ಅದೇ ಪಂದ್ಯದಲ್ಲಿ ಜೈಂಟ್ಸ್‌ನ ಈಲೈ ಮ್ಯಾನಿಂಗ್ 58 ಬಾರಿ ಎಸೆದಿದ್ದರು, ಒಂದೂ ಇಂಟರ್‌ಸೆಪ್ಷನ್ ಆಗಿರಲಿಲ್ಲ. ನವೆಂಬರ್‌ನಲ್ಲಿ ಇದೇ ಮ್ಯಾನಿಂಗ್‌ರಿಂದ ಕಾರ್ಲೋಸ್ ರೋಜರ್ಸ್ ಎರಡು ಕಿತ್ತುಕೊಂಡಿದ್ದರು. ಈ ಸಲ ಕೈಗೆ ಬಂದಂತಿದ್ದ ಚೆಂಡಿಗೆ ನೈನರ್ಸ್‌ನ ಇಬ್ಬರು ರಕ್ಷಕರು ಒಟ್ಟಿಗೆ ಹಾರಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಬಿದ್ದಿದ್ದರು. ನೈನರ್ಸ್ ಮೂರನೆಯ ಪ್ರಯತ್ನದಲ್ಲಿ ಹದಿಮೂರರಲ್ಲಿ ಒಮ್ಮೆ ಮಾತ್ರ ಹತ್ತು ಗಜದ ಗಡಿ ದಾಟಿತ್ತು. ಇಷ್ಟೆಲ್ಲವನ್ನೂ ಒಬ್ಬ ಹುಡುಗನ ಮೊಣಕಾಲಿನ ಖಾತೆಗೆ ಬರೆದರೆ ಅದು ಸುಳ್ಳು ಲೆಕ್ಕ.

ಹಳೆಯ ಪುಟಗಳಲ್ಲೂ ಇದೇ ಗೋಳು. 1983ರಲ್ಲಿ ವಾಷಿಂಗ್ಟನ್ ತಂಡ ಪ್ಲಸ್ 43 ಗಳಿಸಿ, ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ರೈಡರ್ಸ್ ಕೈಯಲ್ಲಿ 38-9ರಿಂದ ಹೊಡೆಸಿಕೊಂಡಿತು. ಅದೂ ಜನವರಿ 22ನೇ ತಾರೀಖೇ! 2010ರಲ್ಲಿ ನ್ಯೂ ಇಂಗ್ಲೆಂಡ್ ಕೂಡ ಪ್ಲಸ್ 28 ಇದ್ದೂ ಮೊದಲ ಪ್ಲೇಆಫ್ ಪಂದ್ಯದಲ್ಲೇ ಮನೆಗೆ ಹೋಯಿತು.

2012ರಲ್ಲಿ ನೈನರ್ಸ್ ಕಿತ್ತುಕೊಂಡದ್ದು 38ರಿಂದ 25ಕ್ಕೆ ಇಳಿಯಿತು. ಕಳೆದುಕೊಂಡದ್ದು ಹತ್ತರಿಂದ 16ಕ್ಕೆ ಏರಿತು. ಯಾವ ಕಾಲಮು ಹೆಚ್ಚು ಅಲುಗಾಡಿತು ನೋಡಿ. ಅಲೆಕ್ಸ್ ಸ್ಮಿತ್ ತಲೆಗೆ ಪೆಟ್ಟು ಬಿದ್ದು ಜಾಗ ಕಳೆದುಕೊಂಡರು, ಮರುವರ್ಷ ಕನ್ಸಾಸ್ ಸಿಟಿಗೆ ಹೋದರು. ಅಲ್ಲಿಯ ತಂಡ 2012ರಲ್ಲಿ ಎರಡೇ ಪಂದ್ಯ ಗೆದ್ದಿತ್ತು, ವ್ಯತ್ಯಾಸ ಮೈನಸ್ 24. ಆಂಡಿ ರೀಡ್ ತರಬೇತುದಾರರಾಗಿ, ಸ್ಮಿತ್ ಕ್ವಾರ್ಟರ್‌ಬ್ಯಾಕ್ ಆಗಿ ಬಂದ 2013ರಲ್ಲಿ 11 ಗೆಲುವು, ಪ್ಲಸ್ 18. ಎದುರುಮನೆಯ ಅಜ್ಜನಿಗೆ ಈ ಅಂಕಿ ತೋರಿಸಿದೆ. “ಆದರೂ ಬೇಸರದ ಆಟ” ಎಂದರು.

ಪ್ಲೇಆಫ್‌ನಲ್ಲಿ ಸ್ಮಿತ್‌ರ ತಂಡಕ್ಕೆ ಇಂಡಿಯಾನಾಪೊಲಿಸ್ ಎದುರಾಯಿತು. ಇಂಡಿಯಾನಾಪೊಲಿಸ್ ನಾಲ್ಕು ಬಾರಿ ಚೆಂಡು ಕಳೆದುಕೊಂಡಿತು, ಕನ್ಸಾಸ್ ಸಿಟಿ ಒಂದೇ ಬಾರಿ. ಒಂದು ಹಂತದಲ್ಲಿ ಕನ್ಸಾಸ್ ಸಿಟಿ 38-10ರಿಂದ ಮುಂದಿತ್ತು. ಆಮೇಲೆ ಗೋಲು ಗೆರೆಯ ಹತ್ತಿರ ಇಂಡಿಯಾನಾಪೊಲಿಸ್‌ನ ಡೊನಾಲ್ಡ್ ಬ್ರೌನ್ ಕೈಯಿಂದ ಚೆಂಡು ಹಾರಿತು. ಅದು ಅವರದೇ ತಂಡದವನ ಹೆಲ್ಮೆಟ್‌ಗೆ ಬಡಿದು, ಪುಟಿದು, ನೇರವಾಗಿ ಕ್ವಾರ್ಟರ್‌ಬ್ಯಾಕ್ ಆಂಡ್ರೂ ಲಕ್ ಕೈಗೆ ಬಂತು. ಲಕ್ ಹಾಗೇ ಗೆರೆಯೊಳಕ್ಕೆ ಹಾರಿ ಟಚ್‌ಡೌನ್ ಮಾಡಿದರು. ಇಂಡಿಯಾನಾಪೊಲಿಸ್ 45, ಕನ್ಸಾಸ್ ಸಿಟಿ 44. ಸ್ವಂತದವರೇ ಹಿಡಿದದ್ದರಿಂದ ಆ ಫಂಬಲ್ ಟರ್ನೋವರ್ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ.