ಅಪ್ಪನ ಮಳೆ ಡೈರಿ

ಇವತ್ತು ಬೆಳಿಗ್ಗೆ ಸಕಲೇಶಪುರದ ತೋಟದಲ್ಲಿ ಅಪ್ಪ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದರು: 2 ಇಂಚು 40 ಸೆಂಟ್ಸ್ (ಒಂದು ಇಂಚಿಗೆ ನೂರು ಸೆಂಟ್ಸ್). "ಇದು ಗೊರೂರು ಡ್ಯಾಮಿಗೆ ಹೋಗಲ್ಲ ಮಗ, ಮಣ್ಣೇ ಕುಡಿಯುತ್ತೆ" ಅಂದರು.

ನಿಜ ಅಲ್ವಾ? ಜೂನ್ ಮೊದಲ ಮಳೆಯನ್ನು ಒಣ ನೆಲ ಹೀರಿಕೊಳ್ಳುತ್ತದೆ. ನೆಲದ ಹೊಟ್ಟೆ ತುಂಬಿದ ಮೇಲೆ ಅಷ್ಟೇ ಮಳೆ ಬಂದರೂ ಹಳ್ಳಗಳು ಉಕ್ಕುತ್ತವೆ, ಗೊರೂರಿನ ಹೇಮಾವತಿ ಜಲಾಶಯಕ್ಕೆ ಒಳಹರಿವು ಏರುತ್ತದೆ. ಬರೀ ಇಂಚು ನೋಡಿ ಡ್ಯಾಮ್ ಲೆಕ್ಕ ಹಾಕೋಕೆ ಆಗಲ್ಲ.

ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಲೆಕ್ಕ ಬೇರೆ. ಚಳಿಗಾಲದಲ್ಲಿ ಬಿದ್ದ ಹಿಮವೇ ಬೇಸಿಗೆಯ ನೀರು. ಟೊಳ್ಳು ಕೊಳವೆಯನ್ನು ಹಿಮಕ್ಕೆ ಇಳಿಸಿ, ಹೊರತೆಗೆದು ತೂಗುತ್ತಾರೆ. ಕರಗಿದರೆ ಎಷ್ಟು ನೀರು ಅಂತ ಆ ತೂಕ ಹೇಳುತ್ತದೆ. ನೂರು ವರ್ಷಗಳ ಹಿಂದೆಯೇ ಇದನ್ನು ರೂಪಿಸಿದ ಜೇಮ್ಸ್ ಚರ್ಚ್ ಅವರು ಲ್ಯಾಟಿನ್ ಕಲಿಸುತ್ತಿದ್ದ ಮೇಷ್ಟ್ರು. ಓದಿ ತುಂಬಾ ಖುಷಿಯಾಯಿತು. 2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಹಿಮದಲ್ಲಿದ್ದ ನೀರು ವಾಡಿಕೆಯ ಶೇ. 5 ಮಾತ್ರ. ಬೇಸಿಗೆಗೆ ಮುಂಚೆಯೇ ಅಲ್ಲಿಯವರಿಗೆ ಬರದ ಸುದ್ದಿ ಗೊತ್ತಿತ್ತು.

ನಮಗೆ ಹಾಗೆ ಬೆಟ್ಟದ ಮೇಲೆ ಕೂಡಿಟ್ಟ ನೀರಿಲ್ಲ. ಗೊರೂರು ಡ್ಯಾಮ್ ತನ್ನ ಪೂರ್ಣ ಮಟ್ಟವಾದ 2,922 ಅಡಿ ಮುಟ್ಟುತ್ತಾ ಅನ್ನೋದು ಮೂಡಿಗೆರೆ, ಸಕಲೇಶಪುರದ ಕಡೆ ಬೀಳೋ ಮುಂಗಾರಿನ ಮೇಲೆ ನಿಂತಿದೆ. ಅದಕ್ಕೇ ನನಗೆ ಅಪ್ಪನ ಹಳೇ ಡೈರಿಗಳ ಮೇಲೆ ಪ್ರೀತಿ ಜಾಸ್ತಿ. ಭಾನುವಾರ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಲು ಕೂರುತ್ತೇನೆ. ಅಕ್ಕಪಕ್ಕದ ತೋಟದವರೇ, ನಿಮ್ಮ ಮನೆಯಲ್ಲೂ ಮಳೆ ಡೈರಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಾನೇ ಬಂದು ನಕಲು ಮಾಡಿಕೊಂಡು ಹೋಗುತ್ತೇನೆ.