ಕಸದ ಡಬ್ಬಿಯಿಂದ ಪ್ರೇಮಪತ್ರದವರೆಗೆ

ನವೆಂಬರ್ 14, 2024, ಗುರುವಾರ

ಇವತ್ತು ನಮ್ಮಲ್ಲಿ ಮಕ್ಕಳ ದಿನಾಚರಣೆ. ಬ್ರಿಟನ್ನಿನ ಪಾಪ್ ಹಾಡುಗಳ ಪಾಲಿಗೂ ಇದೊಂದು ಹುಟ್ಟುಹಬ್ಬವೇ. 1952ರ ಇದೇ ದಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ (ಎನ್‌ಎಂಇ) ಪತ್ರಿಕೆ ಮೊದಲ ಸಲ ರೆಕಾರ್ಡ್ ಮಾರಾಟದ ಪಟ್ಟಿ ಅಚ್ಚು ಹಾಕಿತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನು ಹಚ್ಚಿ, ಈ ವಾರ ಯಾವುದು ಹೆಚ್ಚು ಹೋಯಿತು ಅಂತ ಕೇಳಿ, ಕೂಡಿ ಕಳೆದು ಮಾಡಿದ ಪಟ್ಟಿ. ಮೊದಲ ಸ್ಥಾನದಲ್ಲಿದ್ದವನು ಬ್ರಿಟನ್ನಿನವನೇ ಅಲ್ಲ, ಅಮೆರಿಕದ ಆಲ್ ಮಾರ್ಟಿನೊ.

ಒಂದಷ್ಟು ದಿನಗಳಿಂದ ಸಂಜೆ ಹೊತ್ತು 1960ರಿಂದ 1963ರವರೆಗೆ ಇಂಥ ಪಟ್ಟಿಯ ತುದಿಗೇರಿದ ಹಾಡುಗಳನ್ನು ಬಂದ ಕ್ರಮದಲ್ಲೇ ಕೇಳುತ್ತಿದ್ದೇನೆ. ರಾಗಕ್ಕಿಂತ ಹೆಚ್ಚಾಗಿ ಸಾಹಿತ್ಯಕ್ಕೆ ಕಿವಿ ಕೊಟ್ಟು. ಬೀಟಲ್ಸ್ ಬರುವ ಮುಂಚೆ ಅಲ್ಲಿ ಏನೂ ಇರಲಿಲ್ಲ, ಬರೀ ಸಪ್ಪೆ ಪ್ರೇಮಗೀತೆ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರಲ್ಲ, ಅದು ಎಷ್ಟು ನಿಜ ನೋಡೋಣ ಅಂತ. ಇವತ್ತು 1963ರ ಡಿಸೆಂಬರ್ ಮುಗಿಯಿತು. ಅರ್ಧ ನಿಜ, ಇನ್ನರ್ಧ ತಿರುಗಾಮುರುಗಾ ಅನ್ನಿಸುತ್ತಿದೆ.

‘ಬಂದ ಕ್ರಮ’ ಅಂದರೂ ಅದರಲ್ಲೊಂದು ತಕರಾರಿದೆ. ಆಗ ಪಟ್ಟಿ ಒಂದೇ ಇರಲಿಲ್ಲ. ಒಂದೊಂದು ಪತ್ರಿಕೆಗೆ ಒಂದೊಂದು. ಬೀಟಲ್ಸ್‌ನ ‘ಪ್ಲೀಸ್ ಪ್ಲೀಸ್ ಮಿ’ 1963ರ ಆರಂಭದಲ್ಲಿ ಎನ್‌ಎಂಇ, ಮೆಲೊಡಿ ಮೇಕರ್ ಎರಡರಲ್ಲೂ ತುದಿ ಮುಟ್ಟಿತ್ತು. ‘ರೆಕಾರ್ಡ್ ರಿಟೇಲರ್’ ಪಟ್ಟಿಯಲ್ಲಿ ಮಾತ್ರ ಎರಡರಲ್ಲೇ ನಿಂತಿತು. ಮೇಲೆ ಫ್ರ್ಯಾಂಕ್ ಐಫೀಲ್ಡ್ ಕೂತಿದ್ದ. ಮುಂದೆ ಅಧಿಕೃತ ಅಂತ ಉಳಿದದ್ದು ಈ ಕೊನೆಯ ಪಟ್ಟಿ. ಹಾಗಾಗಿ 2000ದಲ್ಲಿ ಬೀಟಲ್ಸ್‌ನ ಮೊದಲ ಸ್ಥಾನದ ಹಾಡುಗಳನ್ನೆಲ್ಲ ಸೇರಿಸಿ ‘1’ ಅಂತ ಆಲ್ಬಮ್ ತಂದಾಗ ಪಾಪ, ಆ ಹಾಡಿಗೆ ಜಾಗ ಸಿಗಲಿಲ್ಲ. ನಾನೂ ಅದೇ ಪಟ್ಟಿ ಹಿಡಿದುಕೊಂಡು ಹೊರಟಿದ್ದೇನೆ.

ಮೊದಲು ಸಪ್ಪೆಯದ್ದೇ ಹೇಳಿಬಿಡುತ್ತೇನೆ. ಸಪ್ಪೆ ಇದೆ, ಧಾರಾಳವಾಗಿ ಇದೆ. ಕ್ಲಿಫ್ ರಿಚರ್ಡ್‌ನ ‘ದಿ ಯಂಗ್ ಒನ್ಸ್’ ತಗೊಳ್ಳಿ. 1962ರ ಜನವರಿಯಲ್ಲಿ ಅಂಗಡಿಗೆ ಬರುವ ಮೊದಲೇ ಐದು ಲಕ್ಷಕ್ಕೂ ಮಿಕ್ಕಿ ಪ್ರತಿಗಳಿಗೆ ಬೇಡಿಕೆ ಬಂದಿತ್ತು, ಬಂದ ವಾರವೇ ಸೀದಾ ಮೊದಲ ಸ್ಥಾನ. ಹುಡುಗರೇ, ಪ್ರಾಯ ಇರುವಾಗಲೇ ಹೆದರದೆ ಪ್ರೀತಿಸಿ, ಇದು ಬಹಳ ದಿನ ಇರುವಂಥದ್ದಲ್ಲ ಅನ್ನುತ್ತದೆ ಹಾಡು. ಅಲ್ಲಿಗೆ ಸರಿ. ಆಮೇಲೆ, ಮುಂದೊಂದು ದಿನ ನಮ್ಮ ಮಕ್ಕಳಿಗೂ ಇದನ್ನೇ ಕಲಿಸೋಣ ಅನ್ನುತ್ತದೆ! ಹದಿನೆಂಟರ ಹುಡುಗ ಹುಡುಗಿಯ ಕೈ ಹಿಡಿದುಕೊಂಡು ಮಕ್ಕಳ ವಿದ್ಯಾಭ್ಯಾಸದ ಮಾತು ತೆಗೆಯುತ್ತಾನೆಯೇ? ಬರೆದವರು ಯಾರು ಅಂತ ನೋಡಿದೆ. ಸಿಡ್ ಟೆಪ್ಪರ್ ಮತ್ತು ರಾಯ್ ಬೆನೆಟ್, ನ್ಯೂಯಾರ್ಕಿನವರು, ಎಲ್ವಿಸ್ ಸಿನಿಮಾಗಳಿಗೂ ಹಾಡು ಬರೆದುಕೊಟ್ಟವರು. ಇಬ್ಬರೂ 1918ರಲ್ಲಿ ಹುಟ್ಟಿದವರು. ಬ್ರಿಟಿಷ್ ಯುವಕರ ಧ್ಯೇಯಗೀತೆ ಬರೆದದ್ದು ಅಟ್ಲಾಂಟಿಕ್ ಆಚೆ ಕೂತ, ನಲವತ್ತು ದಾಟಿದ ಇಬ್ಬರು ಗೃಹಸ್ಥರು. ಸಾಹಿತ್ಯದಲ್ಲಿ ಅದು ಗೊತ್ತಾಗುತ್ತದೆ.

ಕ್ಲಿಫ್ ಮೇಲೆ ನನಗೇನೂ ಸಿಟ್ಟಿಲ್ಲ. ಹುಟ್ಟಿದ್ದು ಲಖನೌದಲ್ಲಿ, 1940ರಲ್ಲಿ, ಹ್ಯಾರಿ ವೆಬ್ ಅನ್ನುವ ಹೆಸರಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಮನೆಮಂದಿಯೆಲ್ಲ ಮುಂಬಯಿಯಲ್ಲಿ ಹಡಗು ಹತ್ತಿದರು. ಇದೇ ಕಾಲದ ಇನ್ನೊಬ್ಬ, 1961ರಲ್ಲಿ ‘ವೆಲ್ ಐ ಆಸ್ಕ್ ಯು’ ಹಾಡಿ ಮೊದಲ ಸ್ಥಾನಕ್ಕೆ ಬಂದ ಈಡನ್ ಕೇನ್, ಹುಟ್ಟಿದ್ದು ದೆಹಲಿಯಲ್ಲಿ. ಬೀಟಲ್ಸ್ 1962ರಲ್ಲಿ ಕೈಬಿಟ್ಟ ಡ್ರಮ್ಮರ್ ಪೀಟ್ ಬೆಸ್ಟ್ ಮದ್ರಾಸಿನಲ್ಲಿ ಹುಟ್ಟಿದವನು. ಅವರ ಹಾಡಿನಲ್ಲಿ ಇಲ್ಲಿಯ ಸುಳಿವು ಹುಡುಕಿದರೆ ಎಳ್ಳಷ್ಟೂ ಸಿಗುವುದಿಲ್ಲ, ಅದು ಬೇರೆ ಮಾತು. ಅಂದಹಾಗೆ 1963ರ ಜನವರಿಯ ‘ಬ್ಯಾಚೆಲರ್ ಬಾಯ್’ಗೆ ಕ್ಲಿಫ್‌ನೇ ತನ್ನ ಹಿಮ್ಮೇಳದ ಗಿಟಾರಿಸ್ಟ್ ಬ್ರೂಸ್ ವೆಲ್ಚ್ ಜೊತೆ ಸೇರಿ ಮಾತು ಕಟ್ಟಿದ. ಮಗನೇ, ಮದುವೆ ಗಿದುವೆ ಅಂತ ಸಿಕ್ಕಿಹಾಕಿಕೊಳ್ಳಬೇಡ ಅಂತ ಅಪ್ಪ ಬುದ್ಧಿ ಹೇಳುವ ಹಾಡು. ಹಾಡಿದವನು ಇವತ್ತಿಗೂ ಮದುವೆಯಾಗಿಲ್ಲ. ಸ್ವಂತ ಸಾಹಿತ್ಯವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಪಾಪ್ ಲೋಕದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಈಗ ನನಗೆ ನಿಜವಾಗಿ ಹಿಡಿಸಿದ ಹಾಡಿಗೆ ಬರುತ್ತೇನೆ. 1960ರ ಮಾರ್ಚ್ ಕೊನೆಯಲ್ಲಿ ಸೀದಾ ತುದಿಗೆ ಬಂದು ನಾಲ್ಕು ವಾರ ನಿಂತ ಲಾನಿ ಡಾನಿಗನ್‌ನ ‘ಮೈ ಓಲ್ಡ್ ಮ್ಯಾನ್ಸ್ ಎ ಡಸ್ಟ್‌ಮನ್’. ನಮ್ಮಪ್ಪ ಕಸ ಎತ್ತುವವನು, ಕಸದವರ ಟೋಪಿ ಹಾಕ್ತಾನೆ, ನೋಡಿದವರು ಅಯ್ಯೋ ದೇವರೇ ಅನ್ನುವಂಥ ಪ್ಯಾಂಟು ತೊಡ್ತಾನೆ, ಕೌನ್ಸಿಲ್‌ನವರು ಕಟ್ಟಿಸಿದ ಬಾಡಿಗೆ ಫ್ಲ್ಯಾಟಿನಲ್ಲಿ ಇರ್ತಾನೆ. ಇದು ಪಲ್ಲವಿ. ಕಾಲಲ್ಲಿ ಮೊಳೆ ಹೊಡೆದ ದೊಡ್ಡ ಬೂಟು. ಬೀದಿಯ ಮುದುಕನೊಬ್ಬ ಇವನ ಮೇಲೆ ಕೌನ್ಸಿಲ್‌ಗೆ ದೂರು ಬರೆದರೆ, ಮುಂದಿನ ಸಲ ಕಸಕ್ಕೆ ಹೋದ ಅಪ್ಪ ಅವನ ಗಂಟಲಿಗೇ ಗುದ್ದುತ್ತಾನೆ. ಹಾಡಿನ ಮಧ್ಯೆ ಮಧ್ಯೆ ತಂಡದವರ ಜೊತೆ ಹಳೇ ನಾಟಕ ಕಂಪನಿಯ ಹಾಸ್ಯದ ಹಾಗೆ ಸವಾಲ್ ಜವಾಬ್:

“ರೀ, ನನ್ನ ಕಸದ ಡಬ್ಬೀಲಿ ಪೊಲೀಸ್ ನಾಯಿ ಸಿಕ್ತು!”

“ಪೊಲೀಸ್ ನಾಯೀನೇ ಅಂತ ಹೆಂಗೊತ್ತಾಯ್ತು?”

“ಜೊತೇಲಿ ಪೊಲೀಸಪ್ಪನೂ ಇದ್ದ.”

ಡಾನ್‌ಕಾಸ್ಟರ್ ಊರಿನ ಗೋಮಾಂಟ್ ಥಿಯೇಟರಿನಲ್ಲಿ ಜನರ ಮುಂದೆಯೇ ಮುದ್ರಿಸಿಕೊಂಡದ್ದು, ಅದಕ್ಕೇ ನಗು ಚಪ್ಪಾಳೆ ಎಲ್ಲ ರೆಕಾರ್ಡಿನ ಮೇಲೇ ಇದೆ. ಡಾನಿಗನ್ ಹುಟ್ಟಿದ್ದು ಗ್ಲಾಸ್ಗೋ, ಬೆಳೆದದ್ದು ಪೂರ್ವ ಲಂಡನ್. ಬಟ್ಟೆ ಉಜ್ಜುವ ಹಲಗೆ, ಚಹಾ ಪೆಟ್ಟಿಗೆಗೆ ಕಟ್ಟಿದ ತಂತಿ ಇವನ್ನೇ ವಾದ್ಯ ಮಾಡಿಕೊಂಡ ಸ್ಕಿಫಲ್ ಸಂಗೀತದ ದೊರೆ ಅವನು. ಬೀಟಲ್ಸ್ ಹುಡುಗರು ಮೊದಲು ಗಿಟಾರ್ ಹಿಡಿದದ್ದೇ ಅವನನ್ನು ಕೇಳಿ. ‘ಡಸ್ಟ್‌ಮನ್’ ಕೊನೆಗೂ ಒಂದು ತಮಾಷೆಯ ಹಾಡು, ದೊಡ್ಡ ಕಾವ್ಯವೇನಲ್ಲ. ಆದರೆ ಆ ವರ್ಷಗಳ ತುದಿಯ ಹಾಡುಗಳಲ್ಲಿ ಒಬ್ಬ ಮನುಷ್ಯನಿಗೆ ಕಸುಬು, ಮನೆ, ಉಡುಪು, ಜಗಳ ಎಲ್ಲ ಇರುವುದು ಎಷ್ಟು ಅಪರೂಪ ಅಂದರೆ, ಪಟ್ಟಿ ಹಿಡಿದು ಕೇಳುತ್ತಾ ಹೋದಾಗ ಇವನು ಸಿಕ್ಕ ತಕ್ಷಣ ಊರಿನವರು ಸಿಕ್ಕ ಹಾಗಾಯಿತು.

ಇಂಥದ್ದೇ ಇನ್ನೊಂದು 1962ರ ‘ಕಮ್ ಔಟ್‌ಸೈಡ್’. ಡ್ಯಾನ್ಸ್ ಹಾಲಿನಲ್ಲಿ ಒಬ್ಬ ಹುಡುಗಿಯನ್ನು ಹೊರಗೆ ಬಾ ಬಾ ಅಂತ ಗೋಗರೆಯುವುದೇ ಹಾಡು. ಮೈಕ್ ಸಾರ್ನ್ ಹಾಡುತ್ತಾನೆ. ವೆಂಡಿ ರಿಚರ್ಡ್ ಹಾಡುವುದೇ ಇಲ್ಲ, ಲಂಡನ್ನಿನ ಕಾಕ್ನಿ ಮಾತಿನಲ್ಲಿ ಏನಕ್ಕೆ, ಏನವಸರ, ಹೊರಗೆ ಚಳಿ ಅಂತ ತಿರುಗಿ ಬಾರಿಸುತ್ತಾಳೆ ಅಷ್ಟೇ. ಹಾಡು ಗೆದ್ದದ್ದು ಆ ಮಾತುಗಳಿಂದಲೇ. ಹುಡುಗಿಗೆ ಸ್ವಂತ ಬಾಯಿ ಕೊಟ್ಟ ಹಾಡುಗಳು ಆ ಕಾಲದಲ್ಲಿ ಎಷ್ಟಿದ್ದವು?

ನಗುವಿನದ್ದು ಒಂದು ಕಡೆಯಾದರೆ ಸಾವಿನದ್ದು ಇನ್ನೊಂದು ಕಡೆ. 1960ರ ಸೆಪ್ಟೆಂಬರ್ ಕೊನೆಯಲ್ಲಿ ವೇಲ್ಸ್‌ನ ರಿಕಿ ವ್ಯಾಲೆನ್ಸ್ ‘ಟೆಲ್ ಲಾರಾ ಐ ಲವ್ ಹರ್’ ಹಾಡಿ ಮೊದಲ ಸ್ಥಾನಕ್ಕೆ ಬಂದ. ಹುಡುಗಿಗೆ ಮದುವೆಯ ಉಂಗುರ ಕೊಳ್ಳಲು ದುಡ್ಡಿಲ್ಲದ ಹುಡುಗ, ಸಾವಿರ ಡಾಲರ್ ಬಹುಮಾನದ ಆಸೆಗೆ ಕಾರ್ ರೇಸಿಗೆ ಇಳಿಯುತ್ತಾನೆ. ಕಾರು ಮಗುಚಿ ಹೊತ್ತಿಕೊಳ್ಳುತ್ತದೆ. ಕೊನೆಗೆ ಪ್ರಾರ್ಥನೆಗೆ ಕೂತ ಲಾರಾಳಿಗೆ ಅವನ ದನಿ ಕೇಳಿಸುತ್ತದೆ. ಮೂಲ ಅಮೆರಿಕನ್ ರೆಕಾರ್ಡನ್ನು ಬ್ರಿಟನ್ನಿನಲ್ಲಿ ಹಂಚಬೇಕಿದ್ದ ಡೆಕ್ಕಾ ಕಂಪನಿ, ಇದು ಅಭಿರುಚಿಹೀನ ಅಂತ ಬಿಡುಗಡೆಯನ್ನೇ ಮಾಡಲಿಲ್ಲ. ಬಿಬಿಸಿಯೂ ಹಾಕಲಿಲ್ಲ. ಜನ ವ್ಯಾಲೆನ್ಸ್‌ನ ರೆಕಾರ್ಡ್ ಕೊಂಡು ಮೂರು ವಾರ ಮೇಲೆ ಇಟ್ಟರು. ಆಮೇಲೆ ಅವನ ಇನ್ನೊಂದು ಹಾಡೂ ಪಟ್ಟಿ ಹತ್ತಲಿಲ್ಲ.

ಇದರ ಮರುವರ್ಷದ ‘ಜಾನಿ ರಿಮೆಂಬರ್ ಮಿ’ ಮಾತ್ರ ಬೇರೆಯೇ ಜಾತಿಯದು. ಬಯಲಲ್ಲಿ ಬೀಸುವ ಗಾಳಿ, ಮರದ ತುದಿಯಲ್ಲಿ ಸುಯ್ಯುವ ದನಿ, ಸತ್ತ ಹುಡುಗಿ ಕರೆಯುತ್ತಾಳೆ. ನಿನ್ನೆ ಇದನ್ನು ಸ್ವಲ್ಪ ಜೋರಾಗಿಯೇ ಹಾಕಿದ್ದೆ. ಅಮ್ಮ ದೇವರ ಮನೆಯಿಂದ ಹೊರಗೆ ಬಂದರು.

“ಯಾರೋ ಅದು ಆಗಿಂದ ಗೋಳಾಡ್ತಿರೋದು? ಪಕ್ಕದ ಮನೇಲಾ?”

“ಅಲ್ಲಮ್ಮ, ಹಾಡು. ಸತ್ತುಹೋದ ಹುಡುಗಿ ಪ್ರೇಮಿಯನ್ನ ಕರೀತಿದಾಳೆ.”

“ದೀಪ ಹಚ್ಚೋ ಹೊತ್ನಲ್ಲಿ ಅಂಥದ್ದೆಲ್ಲ ಹಾಕ್ಬೇಡ, ಆರ್ಸು.”

ಬಿಬಿಸಿಯವರೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದು. ಅವರನ್ನು ಸಮಾಧಾನ ಮಾಡಲಿಕ್ಕೆ, ವರ್ಷದ ಹಿಂದೆ ಸತ್ತ ಹುಡುಗಿ ಅಂತಿದ್ದ ಸಾಲನ್ನು ವರ್ಷದ ಹಿಂದೆ ಕಳೆದುಕೊಂಡ ಹುಡುಗಿ ಅಂತ ತಿದ್ದಿದರು. ಆದರೂ ದೆವ್ವದ ಹಾಡು ದೆವ್ವದ ಹಾಡೇ, ಬಿಬಿಸಿ ಒಪ್ಪಲಿಲ್ಲ. ಹಾಡಿದ ಜಾನ್ ಲೇಟನ್ ನಟ. ‘ಹಾರ್ಪರ್ಸ್ ವೆಸ್ಟ್ ಒನ್’ ಎಂಬ ಟಿವಿ ಧಾರಾವಾಹಿಯಲ್ಲಿ ಪಾಪ್ ಗಾಯಕನ ಪಾತ್ರಕ್ಕೆ ಬಂದು ಇದನ್ನು ಹಾಡಿದ, ಮುಂದಿನದು ಅಂಗಡಿಯವರಿಗೆ ಬಿಟ್ಟದ್ದು. ಬರೆದವನು ಜೆಫ್ ಗಾಡರ್ಡ್, ಪ್ರೇತಗಳ ಜೊತೆ ಮಾತಾಡಬಹುದು ಅಂತ ನಂಬಿದವನು. ಧ್ವನಿಮುದ್ರಿಸಿದವನು ಜೋ ಮೀಕ್. ಲಂಡನ್ನಿನ 304, ಹಾಲೊವೇ ರೋಡ್, ಕೆಳಗೆ ಚರ್ಮದ ಸಾಮಾನಿನ ಅಂಗಡಿ, ಮೇಲೆ ಇವನ ಬಾಡಿಗೆ ಮನೆ, ಅದೇ ಸ್ಟುಡಿಯೋ. ಗಾಯಕ ನಡುಮನೆಯಲ್ಲಿ ಪರದೆಯ ಮರೆಗೆ, ಪಿಟೀಲಿನವರು ಮೆಟ್ಟಿಲ ಮೇಲೆ, ಹಿನ್ನೆಲೆಯವರು ಹೆಚ್ಚುಕಮ್ಮಿ ಕಕ್ಕಸಿನ ಬಾಗಿಲಲ್ಲಿ. ಆ ಮನೆಯ ಗೋಡೆಗಳಿಂದ ಹೊರಟ ಪ್ರತಿಧ್ವನಿ ನಮ್ಮ ದೇವರ ಮನೆಯವರೆಗೆ ಬಂತು.

ಅದೇ ಮೀಕ್ ಅಲ್ಲೇ ಮಾಡಿದ ‘ಟೆಲ್‌ಸ್ಟಾರ್’ 1962ರಲ್ಲಿ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಅದಕ್ಕೆ ಸಾಹಿತ್ಯವೇ ಇಲ್ಲ. ಈ ನಾಲ್ಕು ವರ್ಷಗಳಲ್ಲಿ ಬರೀ ವಾದ್ಯದ ಹಾಡುಗಳು ಒಂದರ ಹಿಂದೊಂದು ತುದಿ ಮುಟ್ಟಿವೆ. ಶ್ಯಾಡೋಸ್‌ನವರ ‘ವಂಡರ್‌ಫುಲ್ ಲ್ಯಾಂಡ್’ ಎಂಟು ವಾರ ಕದಲಲಿಲ್ಲ. ಬೀಟಲ್ಸ್‌ನ ಯಾವ ಹಾಡಿಗೂ ಏಳರ ಮೇಲೆ ದಕ್ಕಲಿಲ್ಲ. ಟೆಪ್ಪರ್-ಬೆನೆಟ್ ತರಹದ ಸಾಹಿತ್ಯ ಕೇಳಿ ಕೇಳಿ ಜನ ಮಾತೇ ಬೇಡಪ್ಪ ಅಂದಿದ್ದರೂ ಆಶ್ಚರ್ಯವಿಲ್ಲ.

ಇನ್ನು ಹೆಲೆನ್ ಶಪೀರೊ. ಪೂರ್ವ ಲಂಡನ್ನಿನ ಹುಡುಗಿ, 1961ರ ಆಗಸ್ಟಿನಲ್ಲಿ ‘ಯು ಡೋಂಟ್ ನೋ’ ಮೊದಲ ಸ್ಥಾನಕ್ಕೆ ಬಂದಾಗ ಹದಿನಾಲ್ಕು ವರ್ಷ. ದನಿ ಕೇಳಿದರೆ ಮೂವತ್ತರ ಹೆಂಗಸು ಅನ್ನಬೇಕು, ಅಷ್ಟು ಗಡಸು. ಎರಡೇ ತಿಂಗಳಲ್ಲಿ ‘ವಾಕಿಂಗ್ ಬ್ಯಾಕ್ ಟು ಹ್ಯಾಪಿನೆಸ್’. ಅದರಲ್ಲಿ ಅರ್ಥವಿಲ್ಲದ ಒಂದು ‘ವೂಪಾ ಓ ಯೆ ಯೆ’ ಬರುತ್ತದೆ. ಅವಳಿಗೇ ಅದು ಅಷ್ಟು ಹಿಡಿಸಿರಲಿಲ್ಲವಂತೆ. ಹಿಡಿಸಲಿ ಬಿಡಲಿ, ಎರಡು ವರ್ಷದ ಮೇಲೆ ಇಡೀ ಬ್ರಿಟನ್ನನ್ನು ಕುಣಿಸಿದ್ದು ಅದೇ ‘ಯೆ ಯೆ’.

1963ರ ಫೆಬ್ರುವರಿಯಲ್ಲಿ ಅವಳು ಊರೂರು ಸುತ್ತುತ್ತಿದ್ದಾಗ ಜೊತೆಗೆ ಬಸ್ಸಿನಲ್ಲಿದ್ದ ಚಿಲ್ಲರೆ ಕಲಾವಿದರಲ್ಲಿ ಬೀಟಲ್ಸ್ ಒಬ್ಬರು. 28ರಂದು ಯಾರ್ಕ್‌ನಿಂದ ಶ್ರೂಸ್‌ಬರಿಗೆ ಹೋಗುವ ದಾರಿಯಲ್ಲಿ ಲೆನನ್ ಮತ್ತು ಮೆಕಾರ್ಟ್ನಿ ಎನ್‌ಎಂಇ ಓದುತ್ತಿದ್ದರು. ಓದುಗರ ಪತ್ರಗಳ ಅಂಕಣದ ಹೆಸರು ‘ಫ್ರಮ್ ಯು ಟು ಅಸ್’. ಅದನ್ನೇ ತಿರುಗಿಸಿ ಬಸ್ಸು ಇಳಿಯುವಷ್ಟರಲ್ಲಿ ‘ಫ್ರಮ್ ಮಿ ಟು ಯು’ ಕಟ್ಟಿದರು. ಮೇ ತಿಂಗಳಿಂದ ಏಳು ವಾರ ಮೇಲೆ ಕೂತ ಹಾಡು ಅದು. ನಿನಗೇನು ಬೇಕೋ ಹೇಳು, ಪ್ರೀತಿ ಸೇರಿಸಿ ಕಳಿಸಿಕೊಡುತ್ತೇನೆ. ಇಷ್ಟೇ ಸಾಹಿತ್ಯ. ಊರಿಲ್ಲ, ಹೆಸರಿಲ್ಲ, ಕಸುಬಿಲ್ಲ. ರೆಕಾರ್ಡ್ ಕೊಂಡ ಹುಡುಗಿಯೇ ‘ನೀನು’. ಅಭಿಮಾನಿಗಳಿಗೆ ನೇರ ತಲುಪಲಿ ಅಂತ ನಾನು-ನೀನು-ಅವಳು ಬೇಕೆಂದೇ ತುಂಬುತ್ತಿದ್ದೆವು ಅಂತ ಮೆಕಾರ್ಟ್ನಿ ಮುಂದೆ ಹೇಳಿದ್ದಾನೆ. ಅವರ ಮೊದಲ ಐದು ಹಾಡುಗಳ ಹೆಸರನ್ನು ಸಾಲಾಗಿ ಇಟ್ಟು ನೋಡಿದರೆ ಲೆಕ್ಕ ಸರಿ ಇದೆ.

ಇದು ಬರೀ ಜಾಣತನ ಅಂತ ಮೂಗು ಮುರಿಯಲು ಹೊರಟಿದ್ದೆ. ಅಷ್ಟರಲ್ಲಿ ಆಗಸ್ಟ್ ಬಂತು, ‘ಶಿ ಲವ್ಸ್ ಯು’ ಬಂತು. ಇಲ್ಲಿ ಹಾಡುವವನು ಪ್ರೇಮಿಯೇ ಅಲ್ಲ, ಮಧ್ಯಸ್ಥ. ನಿನ್ನೆ ಅವಳು ಸಿಕ್ಕಿದ್ದಳು, ನಿನ್ನ ಮೇಲೆ ಇನ್ನೂ ಮನಸ್ಸಿದೆ ಅಂತ ಹೇಳಿಕಳಿಸಿದ್ದಾಳೆ, ಬಿಂಕ ಬಿಟ್ಟು ಹೋಗಿ ಕ್ಷಮೆ ಕೇಳು ಮಾರಾಯ. ನಮ್ಮ ಜಾವಳಿಗಳಲ್ಲಿ ಸಖಿ ಮಾಡುವ ಕೆಲಸವನ್ನು ಇಲ್ಲಿ ಸಖ ಮಾಡುತ್ತಿದ್ದಾನೆ. ಇಷ್ಟು ಸಣ್ಣ ಮಾತುಗಳಲ್ಲಿ ಮೂರು ಜನರನ್ನು ನಿಲ್ಲಿಸಿದ್ದು ಸುಲಭದ್ದಲ್ಲ. ನ್ಯೂಕ್ಯಾಸಲ್‌ನ ಹೋಟೆಲ್ ರೂಮಿನಲ್ಲಿ ಶುರುಮಾಡಿ ಲಿವರ್‌ಪೂಲಿನ ಮೆಕಾರ್ಟ್ನಿ ಮನೆಯಲ್ಲಿ ಮುಗಿಸಿದರು. ಅವನಪ್ಪ ಕೇಳಿ, ಹಾಡೇನೋ ಚೆನ್ನಾಗಿದೆ, ಅಮೆರಿಕದವರ ಹಾಗೆ ‘ಯೆ ಯೆ’ ಯಾಕೆ, ಮರ್ಯಾದೆಯಾಗಿ ‘ಯೆಸ್ ಯೆಸ್ ಯೆಸ್’ ಅನ್ನಬಾರದೇ ಅಂದರಂತೆ. ‘ಯೆಸ್’ ಹಾಕಿಕೊಂಡು ಒಂದು ಸಲ ಹಾಡಿ ನೋಡಿ, ತಮಾಷೆಯಾಗಿರುತ್ತದೆ. ಪಲ್ಲವಿಯಿಂದಲೇ ಹಾಡು ಎತ್ತಿ ಅಂತ ಸಲಹೆ ಕೊಟ್ಟವನು ನಿರ್ಮಾಪಕ ಜಾರ್ಜ್ ಮಾರ್ಟಿನ್. ಡಿಸೆಂಬರಿನಲ್ಲಿ ಇದನ್ನು ಕೆಳಗಿಳಿಸಿದ್ದೂ ಅವರದೇ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’, ಅಂಗಡಿಗೆ ಬರುವ ಮೊದಲೇ ಹತ್ತು ಲಕ್ಷ ಬೇಡಿಕೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ಹಾಡಾಗಿ ‘ಶಿ ಲವ್ಸ್ ಯು’ ಮುಂದೆ ಈ ನಾಲ್ಕು ವರ್ಷದ್ದು ಯಾವುದೂ ನಿಲ್ಲುವುದಿಲ್ಲ. ಆದರೆ ಅದು ಗೆದ್ದ ರಭಸಕ್ಕೆ ಕಸದವನೂ ಹಾಲೊವೇ ರೋಡಿನ ದೆವ್ವವೂ ಪಟ್ಟಿಯ ತುದಿಯಿಂದ ಜಾಗ ಖಾಲಿ ಮಾಡಬೇಕಾಯಿತು. ಎಲ್ಲರೂ ಪ್ರೇಮಪತ್ರ ಬರೆಯತೊಡಗಿದರು. ಬೀಟಲ್ಸ್‌ನವರೇ ಅದನ್ನು ಸರಿಮಾಡಿದ್ದು 1966ರಲ್ಲಿ. ‘ಎಲಿನರ್ ರಿಗ್ಬಿ’ಯಲ್ಲಿ ಚರ್ಚಿನ ಮದುವೆ ಮುಗಿದ ಮೇಲೆ ಬಿದ್ದ ಅಕ್ಕಿ ಆಯುವ ಒಂಟಿ ಹೆಂಗಸು, ರಾತ್ರಿ ಕೂತು ಕಾಲುಚೀಲ ಹೊಲಿದುಕೊಳ್ಳುವ ಪಾದ್ರಿ ಬರುತ್ತಾರೆ, ಹೆಸರು ಸಮೇತ.

ಅದಕ್ಕೆ ಇನ್ನೂ ಬಹಳ ದೂರ. ನಾಳೆಯಿಂದ 1964. ಮೊದಲು ಬರುವುದು ಟಾಟನ್‌ಹ್ಯಾಮಿನ ಡೇವ್ ಕ್ಲಾರ್ಕ್ ಫೈವ್‌ನವರ ‘ಗ್ಲ್ಯಾಡ್ ಆಲ್ ಓವರ್’, ಈಗಲೂ ಕ್ರಿಸ್ಟಲ್ ಪ್ಯಾಲೇಸ್ ಫುಟ್‌ಬಾಲ್ ಮೈದಾನದಲ್ಲಿ ಜನ ಕೂಗಿ ಹಾಡುವಂಥದ್ದು. ಅದನ್ನು ಅಮ್ಮ ದೇವರ ದೀಪ ಹಚ್ಚುವ ಮುಂಚೆಯೇ ಕೇಳಿ ಮುಗಿಸಬೇಕು.